ತೋಳದ ಮನೆಯ ದಾರಿ ಹೇಳಿದ ತಪ್ಪಿಗೆ

ನನ್ನ ಅಂಕಣ ಓದಿ ಯಾರಾದರೂ ಏನನ್ನಾದರೂ ಮಾಡಿಯಾರು ಎಂಬ ಭ್ರಮೆ ನನಗೆ ಎಂದೂ ಇರಲಿಲ್ಲ. ನಮ್ಮ ಓಣಿಯ ಗಟಾರದ ಮೇಲೆ ಈ ಕಾಲಮಿನಲ್ಲಿ ಎಷ್ಟು ಸಲ ಬರೆದಿದ್ದೇನೆಂದು ನಿಮಗೆ ಗೊತ್ತೇ ಇದೆ. (ಗಟಾರ ಇನ್ನೂ ಅಲ್ಲೇ ಇದೆ. ಸ್ವಲ್ಪ ಅಗಲವಾಗಿದೆ.) ಮದುವೆ ಮನೆಯ ಲೌಡ್‌ಸ್ಪೀಕರಿನ ಬಗ್ಗೆ ಬರೆದೆ. ವರದಕ್ಷಿಣೆಯ ಬಗ್ಗೆ ಬರೆದೆ. ಒಂದು ನರಪಿಳ್ಳೆಯೂ ಕದಲಲಿಲ್ಲ.

ಒಂದೇ ಒಂದು ಸಲ ತೋಳದ ಬಗ್ಗೆ ಬರೆದೆ. ಜನ ಟೆಂಪೋ ಮಾಡಿಕೊಂಡು ಬಂದರು!

ಹೋದ ತಿಂಗಳ ಆ ಬರಹ ನಿಮಗೆ ನೆನಪಿದೆಯೇ? ಇದ್ದರೆ ದಯವಿಟ್ಟು ಮರೆತುಬಿಡಿ. ಓದದೆ ಇದ್ದ ಪುಣ್ಯವಂತರಿಗಾಗಿ ಮೊದಲಿನಿಂದ ಹೇಳುತ್ತೇನೆ.

ಇಂಗಳೇಶ್ವರದಲ್ಲಿ ನಮ್ಮದೊಂದು ತುಂಡು ಹೊಲ ಇದೆ. ನಾನು ಬಸವನ ಬಾಗೇವಾಡಿಯಲ್ಲಿ ಹೈಸ್ಕೂಲ್ ಮಾಸ್ತರ. ಹೊಲಕ್ಕೆ ಹೋಗುವುದು ರವಿವಾರ, ಅದೂ ಬಸ್ ಸಿಕ್ಕರೆ. ಜೋಳದ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಅಲ್ಲಿ ಅಮೋಗೆಪ್ಪನ ಕುರಿ ತರುಬಿಸುತ್ತೇವೆ. ಅಂದರೆ, ಅವನ ಹಿಂಡು ಕೆಲವು ದಿನ ನಮ್ಮ ಹೊಲದಲ್ಲಿ ಬೀಡುಬಿಡುತ್ತದೆ, ನೆಲಕ್ಕೆ ಗೊಬ್ಬರ ಬೀಳುತ್ತದೆ. ಬದಲಿಗೆ ಅವನಿಗೆ ಒಂದಿಷ್ಟು ಜೋಳ, ಹಿಂಡು ಇರುವಷ್ಟು ದಿನ ನಮ್ಮ ಮನೆಯ ಬುತ್ತಿ. ರವಿವಾರದ ಬುತ್ತಿ ಒಯ್ಯುವುದು ನನ್ನ ಪಾಳಿ.

ಆ ರವಿವಾರ ಬುತ್ತಿ ಬಿಚ್ಚುವ ಮೊದಲೇ ಅಮೋಗೆಪ್ಪ ನನ್ನ ರಟ್ಟೆ ಹಿಡಿದು ಬದುವಿನ ಹಿಂದೆ ಕೂಡಿಸಿದ. ಹಳ್ಳದ ಆಚೆಯ ದಂಡೆ ತೋರಿಸಿದ. ಬನ್ನಿ ಗಿಡದ ಬುಡದಲ್ಲಿ ಮಣ್ಣಿನ ಬಣ್ಣದ ಪ್ರಾಣಿಯೊಂದು ನಿಂತು ನಮ್ಮನ್ನೇ ನೋಡುತ್ತಿತ್ತು. ನಾಯಿ ಎಂದುಕೊಂಡೆ. ಆದರೆ ಕಾಲು ಉದ್ದ, ನೋಟವೂ ನಾಯಿಯದಲ್ಲ.

"ಬಂದಾಳ್ರಿ ಮಾಸ್ತರ," ಎಂದ ಅಮೋಗೆಪ್ಪ, ಮಗಳು ತವರಿಗೆ ಬಂದ ಸುದ್ದಿ ಹೇಳುವವನ ಹಾಗೆ. "ಬರದಾಗ ಹ್ವಾದಾಕಿ ಈಗ ಬಂದಾಳ. ಮರಿ ಹಾಕ್ಯಾಳ, ನಾಕು."

ಆ ಬರದ ವರ್ಷ ಕುರಿಹಿಂಡುಗಳೆಲ್ಲ ಮೇವು ಹುಡುಕಿ ದೇಶಾಂತರ ಹೋಗಿದ್ದವು. ಉಳಿದ ತೋಳಗಳಿಗೆ ಜನ ಸತ್ತ ಕುರಿಯಲ್ಲಿ ವಿಷ ಇಟ್ಟರು. ಆಮೇಲೆ ನಮ್ಮ ಸೀಮೆಯಲ್ಲಿ ತೋಳ ಕಂಡವರಿಲ್ಲ. ಈಗ ನೋಡಿದರೆ ನಮ್ಮ ಹೊಲದಲ್ಲಿ ಕುರಿ, ಕೂಗಳತೆಯಲ್ಲಿ ತೋಳ!

"ತಲಿ ಕೆಟ್ಟೈತೇನೋ ನಿನಗ? ಹಿಂಡು ಎಬ್ಬಿಸಿಕೊಂಡು ಮದಲ ನಡಿ," ಎಂದೆ.

"ಹೆದರಬ್ಯಾಡ್ರಿ. ಮರಿ ಇದ್ದ ಮಗ್ಗಲಿನ ಹಿಂಡಿಗೆ ಆಕಿ ಬಾಯಿ ಹಾಕಂಗಿಲ್ಲ. ದೂರ ಹೋಗಿ ಬ್ಯಾಟಿ ಮಾಡ್ತಾಳ. ತನ್ನ ಮನಿ ಯಾರಿಗೂ ಗೊತ್ತಾಗಬಾರ್ದು ಅಂತ. ನಾನೂ ಆ ದಂಡಿಗೆ ಕುರಿ ಬಿಡಂಗಿಲ್ಲ, ಅಲ್ಲಿ ನೀರು ಕುಡಸಂಗಿಲ್ಲ, ನಾಯಿ ಕಟ್ಟೇನಿ. ಆಕೀದು ಆಕಿಗೆ, ನಂದು ನನಗ."

"ತಪ್ಪಿ ಒಂದು ಕುರಿ ಹೋತು ಅಂದ್ರ?"

"ಹೋದ್ರ ಹೋತ್ರಿ. ಹಿಂಡಿನಾಗ ಆಕೀದೂ ಒಂದು ಪಾಲು ಐತಿ. ನಮ್ಮಪ್ಪ ಹಂಗ ಅಂತಿದ್ದ."

ನಾನು ಬಸ್ಸಿಗೆ ಹೊರಟಾಗ ಬದುವಿನವರೆಗೆ ಬಂದು ಅವನು ಮೆಲ್ಲಗೆ ಹೇಳಿದ: "ಮಾಸ್ತರ, ಇದು ನಿಮ್ಮ ಹೊಟ್ಯಾಗ ಇರ್ಲಿ. ಯಾರ ಮುಂದೂ ಅನ್ನಬ್ಯಾಡ್ರಿ."

"ಛೇ, ನಾ ಯಾರ ಮುಂದ ಹೇಳ್ಲೋ?" ಎಂದೆ.

ಯಾರ ಮುಂದೆಯೂ ಹೇಳಲಿಲ್ಲ. ಬರೆದೆ.

ಬುಧವಾರ ಲೇಖನ ಟಪಾಲಿಗೆ ಬೀಳಬೇಕು. ಮಂಗಳವಾರ ಸಂಜೆಯಾದರೂ ತಲೆಯಲ್ಲಿ ಗಟಾರದ ಹೊರತು ಬೇರೆ ವಿಷಯ ಇಲ್ಲ. (ವಾರವಾರ ಬರೆಯುವವನ ಪಾಡು ನಿಮಗೇನು ಗೊತ್ತು?) ಎದುರಿಗೆ ಇಂಥ ಬಂಗಾರದಂಥ ವಿಷಯ ಇಟ್ಟುಕೊಂಡು ಉಪವಾಸ ಸಾಯಲೇ? ಕೂತೆ, ಬರೆದೆ. ಪೆನ್ನು ತಾನೇ ಓಡಿತು.

'ಒಂದು ಊರು', 'ಒಂದು ಹಳ್ಳ' ಎಂದು ಬರೆಯಬಹುದಿತ್ತು. ಆದರೆ ನಾನು ನಿಬಂಧ ಕಲಿಸುವ ಮಾಸ್ತರ. ವಿವರ ಇಲ್ಲದ ನಿಬಂಧ ಉಪ್ಪಿಲ್ಲದ ಪಲ್ಯ ಎಂದು ವರ್ಷಗಟ್ಟಲೆ ಮಕ್ಕಳ ತಲೆ ತಿಂದವನು. ಊರ ಹೆಸರು ಹಾಕಿದೆ. ಬಸ್ ಇಳಿದು ಯಾವ ಕಡೆ ತಿರುಗಬೇಕು, ಹಳ್ಳ ಎಲ್ಲಿ ಡೊಂಕಾಗುತ್ತದೆ, ಬನ್ನಿ ಗಿಡ ಎಷ್ಟನೆಯದು, ಎಲ್ಲವನ್ನೂ ಹಾಕಿದೆ. ಅಮೋಗೆಪ್ಪನ ಮಾತುಗಳನ್ನು ಒಂದಕ್ಷರ ಬಿಡದೆ ಇಳಿಸಿದೆ. ಒಂದು ಮಾತು ಮಾತ್ರ ಬಿಟ್ಟೆ. ಯಾವುದು ಎಂದು ನಿಮಗೆ ಗೊತ್ತಾಗಿರಬೇಕು.

ಲಕೋಟೆಗೆ ಅಂಟು ಹಚ್ಚುವ ಮೊದಲು ಹೆಂಡತಿ ಓದಿದಳು. ನನ್ನ ಮೊದಲ ಓದುಗಿತ್ತಿ ಅವಳೇ. "ಅಮೋಗೆಪ್ಪನ್ನ ಒಂದು ಮಾತು ಕೇಳೀರೇನು?" ಎಂದಳು.

"ಅಂವ ಏನು ಪೇಪರ್ ಓದ್ತಾನ?" ಎಂದೆ.

ಈ ವಾಕ್ಯ ಬರೆಯುವಾಗ ನನ್ನ ಕಿವಿ ಬಿಸಿಯಾಗುತ್ತಿದೆ. ಹೊಟ್ಟೆಪಾಡಿಗೆ ಅಕ್ಷರ ಕಲಿಸುವವನ ಬಾಯಿಂದ ಬಂದ ಮಾತು ಅದು. ಓದು ಬಾರದವನಿಗೆ ಕೊಟ್ಟ ಮಾತು ಮಾತೇ ಅಲ್ಲ ಎಂದಲ್ಲವೇ ಅದರ ಅರ್ಥ? ಹೆಂಡತಿ ಒಳಗೆ ಹೋದಳು. ನಾನು ಅಂಟು ಹಚ್ಚಿದೆ.

ಲೇಖನ ಬಂತು. ಕಾಗದಗಳ ಮೇಲೆ ಕಾಗದ! ಹಲಸಂಗಿಯ ಹಿರಿಯರೊಬ್ಬರು ಓದುತ್ತ ಕಣ್ಣು ಒದ್ದೆಯಾಯಿತೆಂದು ಬರೆದರು. ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಗಂಟುಬಿದ್ದರು: "ತೋರಿಸ್ರಿ ಮಾಸ್ತರ ನಿಮ್ಮ ತೋಳಾನ." ನಿಮ್ಮ ತೋಳ! ಅಷ್ಟೇ ಸಾಕಾಯಿತು, ಉಬ್ಬಿಹೋದೆ. ಆ ವಾರದ ರವಿವಾರ ಅವರನ್ನು ಕರೆದುಕೊಂಡು ಹೋಗಿ, ಬದುವಿನ ಮೇಲೆ ನಿಂತು, ಕೈ ಚಾಚಿ ತೋರಿಸಿದೆ. ದೂರದಲ್ಲಿ ಅಮೋಗೆಪ್ಪ ಕುರಿಗಳ ನಡುವೆ ನಿಂತು ನೋಡುತ್ತಿದ್ದ. ನಾನು ಅವನನ್ನು ನೋಡಲಿಲ್ಲ. (ಸುಳ್ಳು. ಒಮ್ಮೆ ನೋಡಿ ಈ ಕಡೆ ತಿರುಗಿದೆ.) ಅಂದು ಬುತ್ತಿಯನ್ನು ಬದುವಿನ ಮೇಲೆ ಇಟ್ಟು ಬಂದೆ.

ಅದರ ಮುಂದಿನ ರವಿವಾರ ನಾನು ಹೋಗಲಿಲ್ಲ. ಅಂದು ನಡೆದದ್ದನ್ನು ನನಗೆ ಹೇಳಿದವನು ಅಮೋಗೆಪ್ಪನೇ, ಗುರುವಾರ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂತು.

ಮುದ್ದೇಬಿಹಾಳದಿಂದ, ಸಿಂದಗಿಯಿಂದ ಮೋಟರ್ ಸೈಕಲ್ ಬಂದವಂತೆ. ಇಂಡಿಯಿಂದ ಟೆಂಪೋ. ಚುರಮರಿ, ಟ್ರಾನ್ಸಿಸ್ಟರ್, ಹೆಂಗಸರು. ಕೆಲವರ ಕೈಯಲ್ಲಿ ಪೇಪರಿನಿಂದ ಕತ್ತರಿಸಿದ ನನ್ನ ಲೇಖನ. ತೋಳ ಹೊರಗೆ ಬರಲಿಲ್ಲ. ಅಷ್ಟು ದೂರದಿಂದ ಬಂದವರು ನೋಡದೆ ಹೋಗುವುದುಂಟೇ? ಬನ್ನಿ ಗಿಡದ ಬುಡದಲ್ಲಿದ್ದ ಬಿಲದ ಬಾಯಿಗೆ ಜೋಳದ ಕಣಿಕಿ ಒಟ್ಟಿ ಹೊಗೆ ಹಾಕಿದರು. ಅಮೋಗೆಪ್ಪ ಅಡ್ಡ ಹೋದ. "ಬರದವರು ನೀನೋ ಮಾಸ್ತರೋ? ಸರಿ ಅತ್ತಾಗ," ಎಂದರು.

ತಾಯಿ ಬಿಲದಲ್ಲಿ ಇರಲೇ ಇಲ್ಲ. ಎರಡು ಮರಿ ಕೆಮ್ಮುತ್ತ ಹೊರಗೆ ಬಂದವು. ಯಾರೋ ಅವನ್ನು ನಿಂಬೆಹಣ್ಣಿನ ಬುಟ್ಟಿಯಲ್ಲಿ ಹಾಕಿಕೊಂಡು ಟೆಂಪೋ ಹತ್ತಿದರು. ಇನ್ನೆರಡು ಒಳಗೇ ಉಳಿದವು.

ಮರುದಿನ ಹಾಡಹಗಲೇ ತೋಳ ಹಿಂಡಿನ ಮೇಲೆ ಬಿತ್ತು. ಏಳು ಕುರಿ. ಒಂದನ್ನೂ ತಿನ್ನಲಿಲ್ಲ, ಕೊಂದು ಹೋಯಿತು. ಸೇಡು ಎಂದಿತು ಊರು. ಸತ್ತ ಕುರಿಗೆ ಬೆಳೆಗೆ ಹೊಡೆಯುವ ಔಷಧ ಸವರಿ ಇಟ್ಟರೆ ಎರಡು ದಿನದಲ್ಲಿ ಪೀಡೆ ಮುಗಿಯುತ್ತದೆ ಎಂದು ಒಬ್ಬ ಡಬ್ಬಿಯನ್ನೂ ತಂದ. ಅಮೋಗೆಪ್ಪ ಏನು ಮಾಡಿದ ಗೊತ್ತೇ? ಗುಂಡಿ ತೋಡಿ ಏಳೂ ಕುರಿ ಹುಗಿದ. ತೊಗಲು ಸುಲಿಯಲಿಲ್ಲ, ಒಂದು ತುಂಡು ಮಾಂಸ ಹಂಚಲಿಲ್ಲ. ಮೇಲೆ ಜಾಲಿಮುಳ್ಳು ಹೇರಿ, ಕೊಡಲಿ ಹಿಡಿದು ಸಂಜೆಯವರೆಗೆ ಅಲ್ಲೇ ಕೂತ. ಊರವರು ಹುಚ್ಚ ಎಂದು ನಕ್ಕರು.

ಇಷ್ಟನ್ನೂ ಅವನು ಬೇರೆ ಯಾರದೋ ಸುದ್ದಿ ಎಂಬಂತೆ ಹೇಳಿದ. ನಾನು ಸತ್ತ ಕುರಿಗಳ ಬೆಲೆ ಕೊಡುವ ಮಾತು ತೆಗೆದೆ. ಕೈ ಅಡ್ಡ ಆಡಿಸಿದ.

"ನೀವು ಬರದದ್ದು ಓದ್ರಿ ಮಾಸ್ತರ, ಕೇಳ್ತೇನಿ. ಮಂದಿ ಎಲ್ಲಾ ಓದ್ಯಾರ, ನಾನೊಬ್ಬ ಕೇಳಿಲ್ಲ."

ಬೈಯಬಹುದಿತ್ತು. ಎರಡು ಬಾರಿಸಿದ್ದರೂ ನನಗೆ ಹಗುರಾಗುತ್ತಿತ್ತು. ಪೇಪರ್ ತಂದು ಓದತೊಡಗಿದೆ. ತೋಳದ ಕಾಲಿನ ವರ್ಣನೆಗೆ "ಖರೆ, ಖರೆ," ಎಂದು ತಲೆಯಾಡಿಸಿದ. ಅವರಪ್ಪನ ಮಾತು ಬಂದಾಗ ಸಣ್ಣಗೆ ನಕ್ಕ. ದಾರಿಯ ಗುರುತುಗಳು ಬಂದವು. ನನ್ನ ದನಿ ಇಳಿಯಿತು.

"ಜೋರಾಗಿ ಓದ್ರಿ, ಕೇಳವಲ್ದು," ಎಂದ.

ಜೋರಾಗಿ ಓದಿದೆ. ಬಸ್ ಸ್ಟಾಪು, ಹಳ್ಳದ ಡೊಂಕು, ಬನ್ನಿ ಗಿಡ. ಹೊಸ್ತಿಲಲ್ಲಿ ನಿಂತ ಹೆಂಡತಿಯೂ ಕೇಳುತ್ತಿದ್ದಳು.

ಮುಗಿಯಿತು. ಅಮೋಗೆಪ್ಪ ಎಲೆ ಅಡಿಕೆ ತೆಗೆದ. "ಚಂದ ಐತ್ರಿ. ಎಲ್ಲಾ ಖರೇನ ಬರದೀರಿ." ಸುಣ್ಣ ಹಚ್ಚಿ ಮಡಚಿ, ಬಾಯಿಗೆ ಹಾಕದೆ ಕೇಳಿದ: "ಆದ್ರ ಯಾರ ಮುಂದೂ ಅನ್ನಬ್ಯಾಡ್ರಿ ಅಂತ ಅಂದಿದ್ನೆಲ್ಲ, ಅದನ್ನ ಎಲ್ಲಿ ಬರದೀರಿ?"

ನಾನು ಪೇಪರ್ ಮಡಚುತ್ತ ಕೂತೆ. ಮಡಚಿದ್ದನ್ನು ಮತ್ತೆ ಬಿಚ್ಚಿ ಮಡಚಿದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿಲ್ಲ. ಮೋರೆ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಎದ್ದುಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಹೆಂಡತಿ ಕೊಟ್ಟ ರೊಟ್ಟಿ ತಿನ್ನುತ್ತ ಅವಳ ಜೊತೆ ಮೆಲುದನಿಯಲ್ಲಿ ಮಾತಾಡುತ್ತಿದ್ದ. ನನ್ನನ್ನು ಕಂಡು ಇಬ್ಬರೂ ಸುಮ್ಮನಾದರು.

ತೋಳ ಮರಳಿ ಬಂದರೆ ಹೊಡೆಯಬೇಕೋ ಬಿಡಬೇಕೋ ಎಂದು ಈಗ ಚಹಾದ ಅಂಗಡಿಗಳಲ್ಲೆಲ್ಲ ಚರ್ಚೆ. ಕಾಯಿದೆ ಏನು ಹೇಳುತ್ತದೆ ಎಂದು ನನ್ನನ್ನೂ ಕೇಳುತ್ತಾರೆ. ನಾನೇನು ಹೇಳಲಿ? ತೋಳವನ್ನು ಬೈಯುವವರು ಯಾರೂ ಅಂದು ಬಿಲಕ್ಕೆ ಹೊಗೆ ಹಾಕಲಿಲ್ಲ. ಹಾಕಿದವರೆಲ್ಲ ನನ್ನ ಲೇಖನ ಮೆಚ್ಚಿ ಬಂದವರು. ಅಮೋಗೆಪ್ಪನಿಗೆ ತೋಳದ ಮೇಲೆ ಪ್ರೀತಿ ಇದೆಯೋ ಇಲ್ಲವೋ, ನಾನು ಕೇಳಿಲ್ಲ. ಅವನು ಆ ದಂಡೆಗೆ ಕುರಿ ಬಿಡುವುದಿಲ್ಲ, ಅಷ್ಟೇ.

ಶನಿವಾರ ಇಂಡಿಗೆ ಹೋದೆ. ವಿಚಾರಿಸುತ್ತ ವಿಚಾರಿಸುತ್ತ ಬುಟ್ಟಿಯ ಧಣಿ ಸಿಕ್ಕರು. ಒಳ್ಳೆಯ ಮನುಷ್ಯ. ಕುರ್ಚಿ ಹಾಕಿ ಚಹಾ ತರಿಸಿದರು. ಒಂದು ಮರಿ ಎಮ್ಮೆಯ ಹಾಲು ಒಗ್ಗದೆ ಎರಡನೆಯ ದಿನ ಸತ್ತಿತಂತೆ. ಇನ್ನೊಂದು ಕಡಿಯಲು ಬಂತೆಂದು ಯಾರಿಗೋ ಕೊಟ್ಟರಂತೆ, ಅವರೂ ಮತ್ತೆ ಯಾರಿಗೋ. "ಇದರ ಮ್ಯಾಲೂ ಒಂದು ಬರೀರಿ ಸರ್," ಎಂದರು, "ನಮ್ಮ ಹೆಸರು ಹಾಕ್ರಿ." (ಹಾಕಿಲ್ಲ. ಅಷ್ಟರಮಟ್ಟಿಗೆ ಸುಧಾರಿಸಿದ್ದೇನೆ.)

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು, ಕೈ ನಿಂತಿತು.

"ಉಳಿದ ಎರಡಾದ್ರೂ ಅದಾವೇನ?" ಎಂದೆ.

"ಅದಾವಂತ. ತಾಯಿ ಅವತ್ತ ರಾತ್ರಿ ಬಾಯಾಗ ಕಚ್ಚಿಕೊಂಡು ಹೋಗ್ಯಾಳಂತ. ಅಮೋಗೆಪ್ಪ ಹೆಜ್ಜಿ ನೋಡಿಕೋತ ಹೋಗಿ ಜಾಗಾ ಕಂಡು ಬಂದಾನ."

"ಎಲ್ಲಿ ಅಂತ?"

ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. "ಹೇಳಬ್ಯಾಡ್ರಿ ಅಂದಾನ."

"ಯಾರ ಮುಂದ?"

"ನಿಮ್ಮ ಮುಂದ."

ವಾರವಾಯಿತು. ಒಂದೇ ಸೂರಿನಡಿ, ಒಂದೇ ಒಲೆಯ ರೊಟ್ಟಿ ತಿನ್ನುತ್ತಿದ್ದೇವೆ, ಅವಳು ಬಾಯಿ ಬಿಟ್ಟಿಲ್ಲ. ನೀವೇ ಹೇಳಿ, ನೀವಾಗಿದ್ದರೆ ನನಗೆ ಹೇಳುತ್ತಿದ್ದಿರಾ?