ಆಯಸ್ಕಾಂತಕ್ಕೆ ಅಂಟಿದ ಸ್ಟೀಲಿನ ಬೆನ್ನು ಹತ್ತಿ

ಮಂಗಳವಾರ ನಮ್ಮ ಬೇಕರಿಗೆ ವಾರದ ರಜೆ. ಆ ಬೆಳಿಗ್ಗೆ ತಿಂಡಿ ಮುಗಿಸಿ, ಬಟ್ಟೆಚೀಲದಲ್ಲಿ ಅಂಗೈಯಗಲದ ಸ್ಟೀಲ್ ತುಂಡೊಂದನ್ನು ಹಾಕಿಕೊಂಡು ನಾನು ಪದ್ಮನಾಭನಗರದಿಂದ ಹೊರಟೆ. ಓವನ್ ತಣ್ಣಗಾಗಲು ಕಾಯುತ್ತ ಕೂತಿದ್ದ ನಮ್ಮನೆ ಯಜಮಾನರು, "ಅವನು ಮೋಸ ಮಾಡಿರೋದಕ್ಕೆ ಇನ್ನೇನ್ ಸಾಕ್ಷಿ ಬೇಕು ನಿಂಗೆ?" ಎಂದು ಗೊಣಗಿದರು.

ಅವನು ಎಂದರೆ ಮಂಜಣ್ಣ, ಯಜಮಾನರ ಹಳೆಯ ಸ್ನೇಹಿತ. ಕುಮಾರಸ್ವಾಮಿ ಲೇಔಟಿನಲ್ಲಿ ವೆಲ್ಡಿಂಗ್ ಶೆಡ್ ಇಟ್ಟಿದ್ದಾರೆ. ನಮ್ಮ ಓವನ್ನಿನಲ್ಲಿ ಡೀಸೆಲ್ ಬೆಂಕಿ ಉರಿಯುವ ಗೂಡಿನ ಹಳೆಯ ತಗಡು ಪದರ ಪದರವಾಗಿ ಉದುರತೊಡಗಿದಾಗ ಹೊಸ ತಗಡು ಕೂರಿಸಿಕೊಟ್ಟವರು ಅವರೇ. ಕೆಲವು ತಿಂಗಳಲ್ಲಿ ಅದೂ ಕಂದುಬಣ್ಣಕ್ಕೆ ತಿರುಗಿತು. ಪಾತ್ರೆ ಅಂಗಡಿಯಲ್ಲಿ ನಾವೆಲ್ಲ ಮಾಡುವ ಪರೀಕ್ಷೆಯನ್ನೇ ಯಜಮಾನರೂ ಮಾಡಿದರು. ಆಯಸ್ಕಾಂತ ಹಿಡಿದರು, ಟಪ್ಪೆಂದು ಅಂಟಿತು. ಅಂಟಿದರೆ ಕಳಪೆ ಸ್ಟೀಲು ಎಂಬುದು ನಮ್ಮೆಲ್ಲರ ನಂಬಿಕೆ. ಟೀ ಕುಡಿಯುತ್ತಿದ್ದ ಗಿರಾಕಿಗಳೆಲ್ಲರ ಮುಂದೆ ಮಂಜಣ್ಣನನ್ನು ಕಳ್ಳ ಎಂದುಬಿಟ್ಟರು.

ಆಮೇಲೆ ಮಂಜಣ್ಣ ನಮ್ಮ ಮೆಟ್ಟಿಲು ತುಳಿಯಲಿಲ್ಲ. ಬಾಯಲ್ಲಿ ಬೈದರೂ ಸಂಜೆಯಾದರೆ ಯಜಮಾನರ ಕಣ್ಣು ರಸ್ತೆಯ ಕಡೆಗೇ. ನೋಡಿ ನೋಡಿ ನನಗೆ ಸಾಕಾಗಿತ್ತು. ಗೂಡಿನ ಬಾಯಿಗೆ ಬೋಲ್ಟ್ ಹಾಕಿದ್ದ ಅದೇ ತಗಡಿನ ತುಂಡೊಂದನ್ನು ಬಿಚ್ಚಿಸಿಕೊಂಡು ನಿಜ ತಿಳಿಯಲು ಹೊರಟಿದ್ದೆ.

ಬಸ್ಸಿನಲ್ಲಿ ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ತೆಗೆದುಕೊಂಡೆ. ಹೊತ್ತೇರುವ ಮೊದಲೇ ಬಿಸಿಲು ಚುರುಗುಟ್ಟುತ್ತಿತ್ತು. ಶೆಡ್ಡಿನಲ್ಲಿ ಮಂಜಣ್ಣ ನನ್ನನ್ನು ಕಂಡು ಮುಖ ಗಂಟಿಕ್ಕಿದರು. ತುಂಡನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಬೇಕು ಎಂದ ಮೇಲೆ ಸ್ಕೂಟರಿನ ಕೀಲಿ ಎತ್ತಿಕೊಂಡರು.

"ನಾನೂ ಬರ್ತೀನಿ ಅತ್ತಿಗೆ. ನನ್ ಕಣ್ಮುಂದೇನೇ ಟೆಸ್ಟ್ ಆಗ್ಲಿ."

"ಕಳಪೆ ಅಂತ ಬಂದ್ರೆ?" ಕೇಳಿಯೇಬಿಟ್ಟೆ.

"ಸ್ಟೀಲ್ ಅಂಗಡಿಯವ್ನು ಹೀಟಿಗೆ ಇದೇ ಒಳ್ಳೇದು ಅಂದ, ಹಾಕ್ದೆ. ಅವ್ನು ನಂಗೇ ಟೋಪಿ ಹಾಕಿದ್ರೆ ಅದೂ ಗೊತ್ತಾಗ್ಬೇಕಲ್ಲ."

ಅಂದರೆ ಅವರಿಗೂ ಒಳಗೊಳಗೇ ಅಳುಕಿತ್ತು. ಸಾರಕ್ಕಿ ಸಿಗ್ನಲ್ಲಿನಲ್ಲಿ ವಾಹನಗಳ ಹೊಗೆ ಕುಡಿಯುತ್ತ ನಿಂತು ಮುಂದೆ ಹೋದೆವು. ಜೆ.ಪಿ. ನಗರದ ಕಾರ್ಖಾನೆಗಳ ಬೀದಿಯಲ್ಲಿ, ಮೊದಲ ಮಹಡಿಯಲ್ಲಿತ್ತು ಲೋಹ ಪರೀಕ್ಷೆಯ ಲ್ಯಾಬು. ಅಲ್ಲಿದ್ದ ಹುಡುಗಿ ಪಿಸ್ತೂಲಿನಂಥ ಯಂತ್ರವನ್ನು ತುಂಡಿಗೆ ಒತ್ತಿ ಹಿಡಿದಳು. ಪರದೆಯ ಮೇಲೆ ಅಂಕಿಗಳು ಮೂಡಿದವು.

"ಒಳ್ಳೆ ಸ್ಟೀಲೇ ಆಂಟಿ. ಕ್ರೋಮಿಯಂ ಸರಿಯಾಗಿದೆ. ಇದು ಫೆರಿಟಿಕ್ ಅನ್ನೋ ಜಾತಿ, ಮ್ಯಾಗ್ನೆಟ್‌ಗೆ ಅಂಟೇ ಅಂಟುತ್ತೆ."

"ಮತ್ತೆ ಈ ಕಂದುಬಣ್ಣ? ತುಕ್ಕಲ್ವಾ? ನಮ್ಮ ಓವನ್ನಿನ ಹಳೇ ತಗಡೂ ಹೀಗೇ ಆಗಿ ಪದರ ಪದರ ಉದುರ್ತು."

"ಬಿಸಿಗೆ ಮೇಲೊಂದು ತೆಳು ಪೊರೆ ಕಟ್ಟುತ್ತೆ. ಒಳಗಿರೋ ಸ್ಟೀಲನ್ನ ಕಾಯೋದೇ ಅದು. ನಿಮ್ಮ ಹಳೇ ತಗಡು ಬೆಂಕಿ ಹಚ್ಚಿದಾಗ ಜಾಸ್ತಿ ಹಿಗ್ತಿತ್ತು, ಆರಿಸಿದಾಗ ಕುಗ್ಗಿ ಪೊರೆ ಉದುರಿಸ್ತಿತ್ತು. ಇದು ಅಷ್ಟು ಹಿಗ್ಗಲ್ಲ, ಪೊರೆ ಕಚ್ಕೊಂಡಿರುತ್ತೆ."

ಮಂಜಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಸ್ಟೀಲಿಗೂ ಜಾತಿ, ಪೊರೆ ಎಲ್ಲ ಇರುತ್ತದೆಂದು ನನಗೆ ಭಾರಿ ಮೋಜೆನಿಸಿತ್ತು. ಇನ್ನೂ ಏನೇನೋ ಕೇಳುತ್ತಿದ್ದೆ. ಅಷ್ಟರಲ್ಲಿ ಆಕೆ ಮಸಿ ಹೇಗೆ ತೆಗೆಯುತ್ತೀರಿ ಎಂದಳು. ಪ್ರತಿ ಮಂಗಳವಾರ ಓವನ್ ತಣ್ಣಗಾದ ಮೇಲೆ ನಮ್ಮ ಯಜಮಾನರು ಸುತ್ತಿಗೆಯಿಂದ ಬಡಿದು ಉದುರಿಸುತ್ತಾರೆ ಎಂದು ಹೆಮ್ಮೆಯಿಂದಲೇ ಹೇಳಿದೆ.

ಹುಡುಗಿಯ ಮುಖ ಬದಲಾಯಿತು. ತುಂಡನ್ನು ಮೇಜಿನ ಮೇಲಿದ್ದ ಇಕ್ಕಳದಂಥ ವೈಸಿಗೆ ಬಿಗಿದು ಸುತ್ತಿಗೆಯಿಂದ ಒಂದು ಪೆಟ್ಟು ಹಾಕಿದಳು. ರಸ್ಕಿನ ಹಾಗೆ ಪಟಕ್ಕನೆ ಎರಡಾಯಿತು.

"ಐನೂರು ಡಿಗ್ರಿ ಆಸುಪಾಸಲ್ಲಿ ತಿಂಗಳುಗಟ್ಟಲೆ ಕಾದ್ರೆ ಈ ಸ್ಟೀಲು ಹೀಗೆ ಪೆಡಸಾಗುತ್ತೆ. ತಣ್ಣಗಿದ್ದಾಗ ಹೊಡೀಲೇಬಾರ್ದು. ಬ್ರಷ್ಷಲ್ಲಿ ಉಜ್ಜಿ ಸಾಕು."

ಮಂಜಣ್ಣ ನನ್ನ ಮುಖ ನೋಡಿದರು. "ಅತ್ತಿಗೆ, ಇವತ್ತು ಮಂಗಳವಾರ ಅಲ್ವಾ?"

ಯಜಮಾನರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಕ್ಲೀನಿಂಗಿಗೆ ಇಳಿದರೆ ಫೋನು ಗಲ್ಲಾಪೆಟ್ಟಿಗೆಯ ಮೇಲೇ ಉಳಿಯುತ್ತದೆ. ತಗಡು ಒಡೆದರೆ ಲ್ಯಾಬಿನ ಮಾತನ್ನು ಅವರು ಕಿವಿಗೂ ಹಾಕಿಕೊಳ್ಳುವುದಿಲ್ಲ, ಕಳ್ಳ ಎಂಬ ಮಾತು ಮಂಜಣ್ಣನಿಗೆ ಜನ್ಮಕ್ಕಂಟುತ್ತದೆ. ಬರುವಾಗ ಸ್ಕೂಟರ್ ಹೇಗೆ ಓಡಿತೋ, ಎಷ್ಟು ಹಂಪು ಹಾರಿತೋ ನೆನಪಿಲ್ಲ. ನಾನು ಕಣ್ಣು ಬಿಟ್ಟಿರಲಿಲ್ಲ.

ಬೇಕರಿಯ ಷಟರ್ ಅರ್ಧ ತೆರೆದಿತ್ತು. ಗೂಡಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ ಯಜಮಾನರು ಸುತ್ತಿಗೆ ಎತ್ತಿದ್ದರು. ಅಷ್ಟು ದಿನ ಮೆಟ್ಟಿಲು ತುಳಿಯದಿದ್ದ ಮಂಜಣ್ಣ ಚಪ್ಪಲಿಯನ್ನೂ ಬಿಡದೆ ನುಗ್ಗಿ ಆ ಕೈ ಹಿಡಿದರು.

"ಬಿಡೋ ಕೈ!"

"ಬಿಡಲ್ಲ. ಮೊದ್ಲು ಅತ್ತಿಗೆ ಮಾತು ಕೇಳು."

ಮುರಿದ ಎರಡು ತುಂಡುಗಳನ್ನು ಯಜಮಾನರ ಅಂಗೈಗಿಟ್ಟು ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವರು ತುಂಡುಗಳನ್ನು ಜೋಡಿಸಿ ನೋಡಿದರು. ಸುತ್ತಿಗೆಯನ್ನು ಕೆಳಗಿಟ್ಟರು.

"ಕೂತ್ಕೋ ಮಗಾ. ಟೀ ಮಾಡಿಸ್ತೀನಿ," ಎಂದರು, ನೆಲ ನೋಡುತ್ತ.

"ಕಳ್ಳ ಅಂದಾಗ ಅಂಗಡಿ ತುಂಬ ಜನ ಇದ್ರು ಗುರು. ಈಗ್ ಯಾರಿದಾರೆ?" ಎಂದು ಮಂಜಣ್ಣ ಸ್ಕೂಟರ್ ಹತ್ತಿ ಹೋದರು. ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಯಜಮಾನರು ಮಂಜಣ್ಣನಿಗೆ ಫೋನ್ ಮಾಡಿ "ಬಾ" ಎಂದಷ್ಟೇ ಹೇಳಿದರು. ಬಿಸಿ ಬನ್ನಿನ ಟ್ರೇ ಹೊರಗೆ ಬಂದಿತ್ತು. ಅಂಗಡಿಯ ಮುಂದೆ ಎಂದಿನ ಗಿರಾಕಿಗಳೆಲ್ಲ ಸೇರಿದ್ದರು. ಯಜಮಾನರು ಟ್ರೇಗೆ ಅಡ್ಡಲಾಗಿ ನಿಂತುಬಿಟ್ಟಿದ್ದರು.

"ಅಣ್ಣ, ಬನ್ ಕೊಡಿ, ಆಫೀಸಿಗೆ ಲೇಟಾಯ್ತು," ಎಂದು ಒಬ್ಬರು ರೇಗಿದರು.

"ಒಂದ್ನಿಮಿಷ ಇರಿ ಸಾರ್, ಯಾರೂ ಹೋಗ್ಬೇಡಿ. ಒಬ್ರು ಬರ್ಬೇಕು. ನಿಮ್ಮೆಲ್ರ ಮುಂದೆ ಅವ್ರಿಗೊಂದು ಮಾತು ಹೇಳೋದಿದೆ."

ತಿರುವಿನಲ್ಲಿ ಸ್ಕೂಟರ್ ಕಾಣಿಸಿತು. ಯಜಮಾನರು ಕೈ ಒರೆಸಿಕೊಂಡು ಮೆಟ್ಟಿಲಿಳಿದು ರಸ್ತೆಗೆ ಹೋದರು.