ಕೆಂಪು ಗೀಟು ಬಿದ್ದ ಆರನೇ ಕರ್ತವ್ಯ

ನಮ್ಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ನಾಗೇಂದ್ರಪ್ಪ ಮೇಷ್ಟ್ರಷ್ಟು ಸರಿಯಾದ ಮನುಷ್ಯನನ್ನು ನಾನು ಕಂಡಿಲ್ಲ. ಅಷ್ಟು ಸರಿಯಾದವರ ಎದುರಿಗೆ ಹನ್ನೊಂದು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂರುವುದು ಎಷ್ಟು ಕಷ್ಟ ಅಂತ ಕೂತವರಿಗೇ ಗೊತ್ತು. ನಾನು ಕನ್ನಡ ಕಲಿಸುವವಳು. ಮಕ್ಕಳು ಉತ್ತರದ ಹತ್ತಿರ ಸುಳಿದಾಡಿದ್ದರೂ ಸಾಕು, ಅರ್ಧ ಅಂಕ ಕೊಟ್ಟುಬಿಡುತ್ತೇನೆ. ಮೇಷ್ಟ್ರು ಹಾಗಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲಿನ ಮನೆತನದವರು. ಹಣೆಗೆ ವಿಭೂತಿ ಇಟ್ಟುಕೊಂಡು, ತಳಕಿನಲ್ಲಿ ಬಸ್ಸಿಳಿದು, ಅಲ್ಲಿಂದ ಆಟೋ ಹಿಡಿದು ನಮ್ಮ ಹಳ್ಳಿಗೆ ಬರುತ್ತಾರೆ. ಜೇಬಿನಲ್ಲಿ ಎರಡು ಕೆಂಪು ಪೆನ್ನು. ಪುಸ್ತಕದಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ಅಷ್ಟೇ.

ಪ್ರತಿ ಜೂನ್‌ನಲ್ಲಿ ಅವರು ಒಂಬತ್ತನೇ ತರಗತಿಗೆ ಕ್ರೈಸ್ತ ಮತ್ತು ಇಸ್ಲಾಂ ಧರ್ಮಗಳ ಪಾಠ ಮಾಡುತ್ತಾರೆ. ಚೆನ್ನಾಗಿಯೇ ಮಾಡುತ್ತಾರೆ, ಸುಳ್ಳು ಹೇಳಬಾರದು. ನಮ್ಮೂರಿನಲ್ಲಿ ಚರ್ಚಿಲ್ಲ, ಮುಸ್ಲಿಮರ ಒಂದು ಮನೆಯೂ ಇಲ್ಲ. ಆ ಮಕ್ಕಳಿಗೆ ದೇವರು ಮೋಶೆಗೆ ಕೊಟ್ಟ ಹತ್ತು ಆಜ್ಞೆ, ಮುಸ್ಲಿಮರ ಐದು ಕರ್ತವ್ಯ ಎಲ್ಲವನ್ನೂ ಬಾಯಿಪಾಠ ಮಾಡಿಸುವುದೆಂದರೆ ಸುಮ್ಮನೆ ಅಲ್ಲ. ಈ ವರ್ಷ ‘ನೆರೆಯವನನ್ನು ನಿನ್ನಂತೆಯೇ ಪ್ರೀತಿಸು’ ಎಂದು ಯೇಸು ಹೇಳಿದ್ದನ್ನು ವಿವರಿಸುವಾಗ ಮಾರುತೇಶನೆಂಬ ಹುಡುಗ ಎದ್ದು ನಿಂತಿದ್ದ.

“ಸಾರ್, ನಮ್ ಪಕ್ಕದ್ಮನೆಯೋರು ನಲ್ಲಿಗೆ ಮೋಟ್ರು ಹಾಕಿ ನಮ್ ನೀರೂ ಎಳ್ಕಂತಾರೆ. ಅವ್ರನ್ನೂನಾ?”

“ಅವರನ್ನೂ. ಕೂತ್ಕೋ.”

ಜುಲೈನಲ್ಲಿ ಕಿರುಪರೀಕ್ಷೆ ಬಂತು. ಇಸ್ಲಾಂ ಧರ್ಮದಲ್ಲಿ ಮನುಷ್ಯನು ದೇವರಿಗೆ ಸಲ್ಲಿಸಬೇಕಾದ ಕರ್ತವ್ಯಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ರಶ್ಮಿತಾ ಎಂಬ ಹುಡುಗಿ ಕಲಿಮಾ, ನಮಾಜು, ರೋಜಾ, ಜಕಾತು, ಹಜ್ ಎಂದು ಐದನ್ನೂ ಬರೆದು, ಆರನೆಯದಾಗಿ ‘ಬಾಬಯ್ಯನ ಹಬ್ಬದಲ್ಲಿ ಸಕ್ಕರೆ ಓದಿಸುವುದು’ ಎಂದು ಸೇರಿಸಿದ್ದಳು. ಮೇಷ್ಟ್ರು ಅದರ ಮೇಲೆ ಕೆಂಪು ಗೀಟು ಎಳೆದು, ಪಕ್ಕದಲ್ಲಿ ‘ತಪ್ಪು. ಇಸ್ಲಾಂನಲ್ಲಿ ಹೀಗೆ ಇಲ್ಲ’ ಎಂದು ಬರೆದರು.

ಬಾಬಯ್ಯನ ಹಬ್ಬವೆಂದರೆ ಮೊಹರಂ. ಮುಸ್ಲಿಮರಿಲ್ಲದ ಊರಿನಲ್ಲೂ ನಮ್ಮವರು ಅದನ್ನು ಬಿಟ್ಟಿಲ್ಲ. ಹಬ್ಬದ ದೇವರ ಪೆಟ್ಟಿಗೆ ಇರುವ ಮಸೂತಿಯ ಬೀಗದ ಕೈ ರಶ್ಮಿತಾಳ ತಾತ ಜೋಗಪ್ಪನ ಬಳಿ ಇದೆ. ಚಂದ್ರ ಕಂಡ ಮರುದಿನ ಅವನು ಪೆಟ್ಟಿಗೆ ತೆಗೆದು, ಹಸ್ತದ ಆಕಾರದ ಪಂಜಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದು, ಮಸೂತಿಯ ಮುಂದೆ ಬೆಂಕಿ ಹಾಕುವ ಕುಣಿಗೆ ಮೊದಲ ಗುದ್ದಲಿ ಹಾಕಬೇಕು. ಆಮೇಲೆ ಹತ್ತು ದಿನ ಅವನ ಕಾಲಿಗೆ ಚಪ್ಪಲಿ ಇಲ್ಲ, ಮನೆಯಲ್ಲಿ ಮಾಂಸ ಇಲ್ಲ. ತಳಕಿನಿಂದ ಮುಸ್ಲಿಂ ದರ್ಜಿ ಮಲ್ಲಿಕ್ ಬಂದು, ಜನ ತಂದ ಸಕ್ಕರೆಯ ಮೇಲೆ ಫಾತಿಹಾ ಪ್ರಾರ್ಥನೆ ಓದಿ ಹಂಚುತ್ತಾನೆ.

ಉತ್ತರಪತ್ರಿಕೆಗೆ ಮನೆಯ ಹಿರಿಯರ ಸಹಿ ಬೇಕು ಎಂಬುದು ಮೇಷ್ಟ್ರದೇ ಕಟ್ಟುನಿಟ್ಟು. ಹೆಬ್ಬೆಟ್ಟು ಒತ್ತುವ ಮೊದಲು ಜೋಗಪ್ಪ ಆ ಕೆಂಪು ಅಕ್ಷರ ಏನೆಂದು ಕೇಳಿದ. ಮೊಮ್ಮಗಳು ಓದಿಹೇಳಿದಳು. ಚಂದ್ರ ಕಂಡಿದ್ದಾಯಿತು, ಎರಡು ದಿನವೂ ಕಳೆಯಿತು. ಜೋಗಪ್ಪ ಮಸೂತಿಯ ಬೀಗ ತೆಗೆಯಲಿಲ್ಲ. ಅವನ ಮನೆತನದವರು ಬಿಟ್ಟು ಬೇರೆಯವರು ಆ ಗುದ್ದಲಿ ಮುಟ್ಟುವಂತಿಲ್ಲ. ಊರು ಕಂಗಾಲಾಯಿತು. ಮೂರನೇ ದಿನ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ರಶ್ಮಿತಾ ಇಷ್ಟನ್ನೂ ಹೇಳಿ ಅತ್ತಳು.

“ನಾನು ಬರೆದದ್ದರಲ್ಲಿ ತಪ್ಪೇನಿದೆ ಮೇಡಂ?” ಎಂದು ಮೇಷ್ಟ್ರು ನನ್ನನ್ನು ಕೇಳಿದರು.

“ತಪ್ಪಿಲ್ಲ ಸಾರ್. ಅದೇ ತೊಂದರೆ” ಅಂದೆ. ನನಗೆ ಸಿಟ್ಟು ಬಂದಿತ್ತು.

ಆದರೂ ಅವರ ಮುಖ ಬಾಡಿತ್ತು. ಶಾಲೆ ಬಿಟ್ಟ ಮೇಲೆ ನನ್ನನ್ನೂ ಕರೆದುಕೊಂಡು ತಳಕಿಗೆ ಮಲ್ಲಿಕ್‌ನ ಅಂಗಡಿಗೆ ಹೋದರು. ಈ ಹಬ್ಬವೂ ಇಸ್ಲಾಂನ ಕರ್ತವ್ಯವೇ ಎಂದು ಕೇಳಿದರೆ ಅವನ ಬಾಯಿಂದ ಒಂದು ‘ಹೌದು’ ಬಂದರೆ ಸಾಕಿತ್ತು. ಮಲ್ಲಿಕ್ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡ.

“ನೀವು ಬರ್ದಿದ್ದು ಸರಿ ಐತೆ ಸಾರ್. ಫರ್ಜ್, ಅಂದ್ರೆ ಮಾಡ್ಲೇಬೇಕಾದ ಕರ್ತವ್ಯ, ಐದೇ. ಪಂಜ ಹೊರೋದು, ಕುಣಿ ತೋಡೋದು ಸರಿಯಲ್ಲ ಅಂತ ನಮ್ ಮಸೀದಿ ಗುರುಗಳು ಹಜರತ್ರೂ ಹೇಳ್ತಾರೆ. ಆದ್ರೆ ಜೋಗಪ್ಪಣ್ಣ ಕರೆದ್ರೆ ನಾನು ಹೋಗ್ದೆ ಇರಲ್ಲ. ನಮ್ಮಪ್ಪಾನೂ ಹೋಗ್ತಿದ್ರು.”

ಆ ದಾರಿಯೂ ಮುಚ್ಚಿತು. ನಾವು ವಾಪಸು ಬಂದು ಜೋಗಪ್ಪನ ಮನೆಗೆ ಹೋದಾಗ ಸಂಜೆಯಾಗಿತ್ತು. ಅವನು ಜಗುಲಿಯ ಮೇಲಿದ್ದ, ಎದ್ದು ನಿಂತು ಕೈಮುಗಿದ.

“ನಿಮ್ಮೇಲೆ ನಂಗೇನ್ ಸಿಟ್ಟಿಲ್ಲ ಸಾರ್. ಊರಲ್ಲಿ ಆ ಜನ ಇಲ್ಲ, ಅವ್ರ ಪಾಲಿನ ಕೆಲ್ಸ ನಿಂತೋಗಬಾರ್ದು, ಅವ್ರ ಬದ್ಲಿಗೆ ನಾನು ಮಾಡ್ತೀನಿ ಅಂತ ನಲವತ್ತು ವರ್ಷ ಮಾಡ್ದೆ. ಅದು ಅವ್ರ ಕೆಲ್ಸಾನೇ ಅಲ್ಲ ಅಂತ ನೀವು ಬರ್ದೀರಿ. ಹಂಗಾದ್ರೆ ನಾನು ಮಾಡಿದ್ದು ಯಾರ್ದು?”

ಮೇಷ್ಟ್ರು ಒಂದು ಸುಳ್ಳು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಹೇಳಿಬಿಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರು ಜಗುಲಿಯ ಮೇಲೆ ಕೂತರು. ಆಮೇಲೆ ರಶ್ಮಿತಾಳಿಂದ ಉತ್ತರಪತ್ರಿಕೆ ತರಿಸಿಕೊಂಡು ಕೆಂಪು ಪೆನ್ನು ತೆಗೆದರು. ಒಮ್ಮೆ ತಿದ್ದಿದ ಪತ್ರಿಕೆಯನ್ನು ಅವರು ಮತ್ತೆ ಮುಟ್ಟಿದ್ದನ್ನು ನಾನು ಕಂಡೇ ಇರಲಿಲ್ಲ. ಹಳೆಯ ಗೀಟನ್ನು ಹಾಗೆಯೇ ಬಿಟ್ಟು, ಅದರ ಕೆಳಗೆ ನಿಧಾನವಾಗಿ ಬರೆದು ಹುಡುಗಿಯ ಕೈಗೆ ಕೊಟ್ಟರು.

“ಓದಮ್ಮ, ತಾತಂಗೆ ಕೇಳೋ ಹಂಗೆ.”

ರಶ್ಮಿತಾ ಓದಿದಳು: “ಇದು ಮುಸ್ಲಿಮರ ಕರ್ತವ್ಯವಲ್ಲ. ಜೋಗಪ್ಪನವರ ಕರ್ತವ್ಯ.”

“ಇನ್ನೊಂದ್ಸಲ ಓದು” ಅಂದ ಜೋಗಪ್ಪ. ಅವಳು ಓದಿದಳು. ಅವನು ಹತ್ತಿರ ಬಂದು ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅವಳು ತೋರಿಸಿದ ಕಡೆ ಬೆರಳಿಟ್ಟ.

“ಸಾರ್, ಹಂಗಾದ್ರೆ ಮಾರ್ಕ್ಸು?” ಎಂದಳು ರಶ್ಮಿತಾ.

“ಮಾರ್ಕ್ಸ್ ಇಲ್ಲ. ಪ್ರಶ್ನೆ ಕೇಳಿದ್ದು ಬೇರೆ” ಎಂದರು ಮೇಷ್ಟ್ರು. ನಾನು ಅಳುತ್ತಲೇ ನಕ್ಕೆ.

ಜೋಗಪ್ಪ ಮೂಲೆಯಲ್ಲಿದ್ದ ಗುದ್ದಲಿ ಎತ್ತಿಕೊಂಡು ಹೊಸಿಲ ಬಳಿ ಚಪ್ಪಲಿ ಕಳಚಿದ. ಟವೆಲ್ಲಿನಿಂದ ಕಣ್ಣೊರೆಸಿಕೊಂಡು ಮೇಷ್ಟ್ರ ಕಡೆ ತಿರುಗಿದ.

“ಇನ್ನೊಬ್ರ ಬದ್ಲಿಗೆ ಬಂದೋನು ಅಲ್ವಾ, ಆ ದೇವ್ರಿಗೆ ನನ್ ಹೆಸ್ರೇ ಗೊತ್ತಿರಲ್ಲ ಅನ್ಕಂಡಿದ್ದೆ ಸಾರ್, ಇಷ್ಟು ವರ್ಷ.”