ಗೋಡೆಯ ಮೇಲಿನ ಅಂಗಳ

ಪರದೇಶದಲ್ಲಿ ನಾನಿದ್ದ ಹೆಂಡರ್ಸನ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಇರಾನಿ ಅಂಕಲ್ ವಾಸ್ತುಶಿಲ್ಪಿ. ಚಿತ್ರ ಬರೆಯುತ್ತಿದ್ದರು, ಸಿತಾರಿನಂಥ ಪುಟ್ಟ ವಾದ್ಯವನ್ನೂ ನುಡಿಸುತ್ತಿದ್ದರು. ಮಾತಾಡುವಾಗ ಒಂದು ಕಣ್ಣು ಮುಚ್ಚಿ, ಎದುರಿಗಿದ್ದವರನ್ನು ಹೆಬ್ಬೆರಳಿನಿಂದ ಅಳೆಯುವುದು ಅವರ ಅಭ್ಯಾಸ.

ತಮ್ಮ ಹಜಾರದ ಗೋಡೆಯ ತುಂಬ ಅವರು ಬಾಲ್ಯದ ಮನೆಯ ಅಂಗಳವನ್ನು ಬರೆದಿದ್ದರು. ನಡುವೆ ನೀರಿನ ಕೊಳ, ಸುತ್ತ ದಾಳಿಂಬೆ ಗಿಡಗಳು. ಮನುಷ್ಯರು ಮಾತ್ರ ಇರಲಿಲ್ಲ. ಕೇಳಿದರೆ, "ಬರೋರಿಗೆ ಜಾಗ ಬಿಡಬೇಕಲ್ಲ ಮಗಳೇ" ಎನ್ನುತ್ತಿದ್ದರು.

ಒಂದು ಭಾನುವಾರ ಚಹಾಕ್ಕೆ ಹೋದಾಗ, ಕೊಳದ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಕುಳಿತಿದ್ದಳು. ಬಣ್ಣ ಇನ್ನೂ ಹಸಿಯಾಗಿತ್ತು.

"ಯಾರು ಅಂಕಲ್?"

"ನನ್ನ ಅಕ್ಕ. ಬೆಳಗ್ಗೆ ಬಂದ್ಲು."

ನಾವು ಚಹಾ ಕುಡಿಯುತ್ತಿದ್ದಾಗಲೇ ಇರಾನಿನಿಂದ ಫೋನ್ ಬಂತು. ಅಕ್ಕ ತೀರಿಕೊಂಡಿದ್ದರು. ಅಂಕಲ್ ಅಳಲಿಲ್ಲ. ಕುಂಚ ತೆಗೆದುಕೊಂಡು ಅಕ್ಕನ ಪಾದದ ಬಳಿ ಒಂದು ಜೊತೆ ಚಪ್ಪಲಿ ಬರೆದರು.

ಕೆಲವು ವಾರಗಳ ನಂತರ ನಾನು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬರುವಾಗ ಅವರು ಬೇಲಿಯ ಬಳಿ ಕಾದಿದ್ದರು.

"ಸ್ವಲ್ಪ ಬಾ ಮಗಳೇ. ಕೈ ತಾನಾಗೇ ಬರೀತು. ಇವರು ಯಾರು ಅಂತ ನಂಗೆ ಗೊತ್ತಾಗ್ತಿಲ್ಲ."

ದಾಳಿಂಬೆಯ ನೆರಳಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಅಮ್ಮ ನಿಂತಿದ್ದಳು. ಅಂಕಲ್ ಅವಳ ಫೋಟೋವನ್ನೂ ಕಂಡವರಲ್ಲ.

ನಾನು ಕೂಡಲೇ ಮೈಸೂರಿನಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ. ಅದು ರಿಂಗಾಗುತ್ತಲೇ ಇತ್ತು. ನನ್ನ ಮುಖ ನೋಡಿದ ಅಂಕಲ್ ಒಂದು ಬಟ್ಟೆಯ ತುಂಡಿಗೆ ಟರ್ಪೆಂಟೈನ್ ಸುರಿದು ಆ ಆಕೃತಿಯನ್ನು ಗಸಗಸ ಉಜ್ಜತೊಡಗಿದರು. ಅಮ್ಮನ ಮುಖ ಅಳಿಸಿಹೋದ ಮೇಲೆ ಆ ಕಡೆಯಿಂದ ದನಿ ಕೇಳಿಸಿತು.

"ತಲೆ ಸುತ್ತಿ ಬಿದ್ದುಬಿಟ್ಟಿದ್ದೆ ಕಣೇ. ಕಿವೀಲಿ ಬರೀ ನೀರಿನ ಸದ್ದು."

ಅಂದು ಸಂಜೆಯೇ ಅಂಕಲ್ ಇಡೀ ಅಂಗಳಕ್ಕೆ ಬಿಳಿ ಬಣ್ಣ ಬಳಿದರು. ಅಕ್ಕನನ್ನು ಕೊನೆಗೆ ಉಳಿಸಿಕೊಂಡಿದ್ದರು. ಆಮೇಲೆ ಅವಳ ಮೇಲೂ ಬಳಿದರು.